ಜೈವಿಕ ವಿಘಟನೀಯ ಮಣ್ಣು ಸುಧಾರಕಗಳು

ಜೈವಿಕ ವಿಘಟನೀಯ ಮಣ್ಣು ಸುಧಾರಕಗಳು ಎಂದರೆ ಮಣ್ಣಿನ ರಚನೆಯನ್ನೂ ನೀರು ಹಿಡಿದಿಡುವ ಶಕ್ತಿಯನ್ನೂ ಉತ್ತಮಪಡಿಸಲು ಹೊಲಕ್ಕೆ ಸೇರಿಸುವ, ಕಾಲಕ್ರಮದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳಿಂದ ಕೊಳೆತು ಸರಳ ವಸ್ತುಗಳಾಗಿ ಒಡೆಯುವ ಪದಾರ್ಥಗಳು. ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಎರೆಗೊಬ್ಬರ, ಹಸಿರೆಲೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಈ ವರ್ಗದ ಹಳೆಯ ಪದಾರ್ಥಗಳಾಗಿವೆ. ಸೆಲ್ಯುಲೋಸ್, ಪಿಷ್ಟ, ಪೆಕ್ಟಿನ್ ಮೊದಲಾದ ಸಸ್ಯಮೂಲ ವಸ್ತುಗಳಿಂದ ತಯಾರಿಸಿದ ಹೈಡ್ರೋಜೆಲ್‌ಗಳು ಹೊಸ ಸೇರ್ಪಡೆಗಳು.

ಮಳೆಯನ್ನೇ ನಂಬಿದ ಒಣಬೇಸಾಯದ ಪ್ರದೇಶಗಳಲ್ಲಿ ಈ ಪದಾರ್ಥಗಳಿಗೆ ಹೆಚ್ಚಿನ ಮಹತ್ವವಿದೆ. ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹನೂರು, ಕೊಳ್ಳೇಗಾಲ ಮತ್ತು ಯಳಂದೂರು ತಾಲ್ಲೂಕುಗಳ ಕೆಂಪು ಮಣ್ಣಿನ ಹೊಲಗಳು ಇಂತಹ ಪ್ರದೇಶಕ್ಕೆ ಉದಾಹರಣೆಯಾಗಿವೆ.

ವ್ಯಾಖ್ಯೆ

ಗೊಬ್ಬರದ ಮುಖ್ಯ ಉದ್ದೇಶ ಬೆಳೆಗೆ ಪೋಷಕಾಂಶ ಒದಗಿಸುವುದು. ಸುಧಾರಕದ ಮುಖ್ಯ ಉದ್ದೇಶ ಮಣ್ಣಿನ ಭೌತಿಕ ಗುಣವನ್ನು ಬದಲಿಸುವುದು. ಒಂದೇ ಪದಾರ್ಥ ಎರಡೂ ಕೆಲಸ ಮಾಡಬಹುದು; ಕೊಟ್ಟಿಗೆ ಗೊಬ್ಬರ ಸಾರಜನಕವನ್ನು ಕೊಡುವುದರ ಜೊತೆಗೆ ಮಣ್ಣನ್ನು ಸಡಿಲಗೊಳಿಸುತ್ತದೆ. ಚೌಳು ಮಣ್ಣಿಗೆ ಹಾಕುವ ಜಿಪ್ಸಂ ಮತ್ತು ಹುಳಿ ಮಣ್ಣಿಗೆ ಹಾಕುವ ಸುಣ್ಣ ಕೂಡ ಸುಧಾರಕಗಳೇ ಆದರೂ ಅವು ಖನಿಜಗಳಾದ್ದರಿಂದ ಜೈವಿಕ ವಿಘಟನೀಯ ವರ್ಗಕ್ಕೆ ಸೇರುವುದಿಲ್ಲ.

ಮಣ್ಣಿನಲ್ಲಿ ನೀರು ನಿಲ್ಲುವ ಬಗೆ

ಒಳ್ಳೆಯ ಮಳೆಯ ನಂತರ ಮಣ್ಣಿನ ದೊಡ್ಡ ರಂಧ್ರಗಳಲ್ಲಿರುವ ನೀರು ಒಂದೆರಡು ದಿನಗಳಲ್ಲಿ ಕೆಳಕ್ಕೆ ಬಸಿದುಹೋಗುತ್ತದೆ. ಸಣ್ಣ ರಂಧ್ರಗಳಲ್ಲಿ ಮತ್ತು ಕಣಗಳ ಮೇಲ್ಮೈಯಲ್ಲಿ ಉಳಿಯುವ ನೀರಿನ ಪ್ರಮಾಣವನ್ನು ಕ್ಷೇತ್ರ ಧಾರಣ ಸಾಮರ್ಥ್ಯ ಎನ್ನುತ್ತಾರೆ. ರೈತರು ಮಣ್ಣು ‘ಹದಕ್ಕೆ ಬಂದಿದೆ’ ಎನ್ನುವ ಸ್ಥಿತಿ ಇದಕ್ಕೆ ಹತ್ತಿರವಾದದ್ದು. ಬೇರುಗಳು ಈ ನೀರನ್ನು ಹೀರುತ್ತಾ ಹೋದಂತೆ ಉಳಿದ ನೀರು ಕಣಗಳಿಗೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಿಡ ಇನ್ನು ನೀರನ್ನು ಎಳೆದುಕೊಳ್ಳಲಾರದ ಹಂತವೇ ಶಾಶ್ವತ ಬಾಡುವ ಬಿಂದು. ಈ ಎರಡು ಹಂತಗಳ ನಡುವಿನ ನೀರು ಮಾತ್ರ ಬೆಳೆಗೆ ದೊರೆಯುತ್ತದೆ.

ಮರಳು ಹೆಚ್ಚಿರುವ ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ ಮತ್ತು ಬೇಗ ಬಸಿಯುತ್ತದೆ. ಜೇಡಿ ಮಣ್ಣು ಹೆಚ್ಚು ನೀರನ್ನು ಹಿಡಿದರೂ ಅದರಲ್ಲಿ ಒಂದು ಪಾಲು ಬೇರುಗಳಿಗೆ ಸಿಗದಷ್ಟು ಬಿಗಿಯಾಗಿರುತ್ತದೆ. ಆದುದರಿಂದ ಸುಧಾರಕಗಳ ಪರಿಣಾಮ ಸಾಮಾನ್ಯವಾಗಿ ಮರಳು ಮತ್ತು ಮರಳುಮಿಶ್ರಿತ ಮಣ್ಣುಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಮಹದೇಶ್ವರ ಬೆಟ್ಟದ ಸುತ್ತಲಿನ ಒಣಭೂಮಿ

ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಈ ಭಾಗ ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ದಕ್ಷಿಣ ಒಣ ವಲಯಕ್ಕೆ ಸೇರುತ್ತದೆ.

ಇಲ್ಲಿ ಮುಂಗಾರು ಪೂರ್ವದ ಏಪ್ರಿಲ್–ಮೇ ತಿಂಗಳ ಮಳೆ ಒಂದು ಕಾಲವಾದರೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆ ಇನ್ನೊಂದು ಕಾಲ. ಎರಡರ ನಡುವೆ ಜೂನ್–ಜುಲೈನಲ್ಲಿ ಮಳೆ ಇಳಿಮುಖವಾಗುತ್ತದೆ. ವರ್ಷದ ಒಟ್ಟು ಮಳೆ ಸಾಕಷ್ಟಿದ್ದರೂ ಎರಡು ಮಳೆಗಳ ನಡುವಿನ ಅಂತರ ಹೆಚ್ಚಾದಾಗ ಬೆಳೆ ಬಾಡುತ್ತದೆ. ರಾಗಿ ತೆನೆ ಒಡೆಯುವ ಮತ್ತು ಕಾಳು ಕಟ್ಟುವ ಹಂತದಲ್ಲಿ ಹತ್ತು ಹದಿನೈದು ದಿನ ಮಳೆ ಕೈಕೊಟ್ಟರೆ ಇಳುವರಿ ತೀವ್ರವಾಗಿ ಕುಸಿಯುತ್ತದೆ. ಮರಳುಮಿಶ್ರಿತ ಕೆಂಪು ಮಣ್ಣು, ಅದರಲ್ಲೂ ಇಳಿಜಾರಿನ ತೆಳು ಮಣ್ಣು, ಈ ಅಂತರವನ್ನು ತಾಳಿಕೊಳ್ಳುವಷ್ಟು ನೀರನ್ನು ಹಿಡಿದಿಡುವುದಿಲ್ಲ.

ಕಾವೇರಿ ಮತ್ತು ಸುವರ್ಣಾವತಿ ನದಿಗಳ ಬಯಲಿನ ಗದ್ದೆಗಳಿಗೆ ನಾಲೆ ಹಾಗೂ ಕೆರೆಗಳ ನೀರು ದೊರೆಯುತ್ತದೆ. ಬೆಟ್ಟದ ಸೆರಗಿನ ಹೊಲಗಳಲ್ಲಿ ರಾಗಿ, ಜೋಳ, ಮುಸುಕಿನ ಜೋಳ, ನೆಲಗಡಲೆ, ಅವರೆ ಮತ್ತು ಹುರುಳಿಯಂತಹ ಬೆಳೆಗಳು ಬಹುಮಟ್ಟಿಗೆ ಮಳೆಯನ್ನೇ ಅವಲಂಬಿಸಿವೆ. ಮಣ್ಣು ಸುಧಾರಕಗಳ ಪ್ರಶ್ನೆ ಮುಖ್ಯವಾಗಿ ಈ ಹೊಲಗಳಿಗೆ ಸಂಬಂಧಿಸಿದ್ದು.

ಸಾಂಪ್ರದಾಯಿಕ ಪದ್ಧತಿಗಳು

ಹಳೆಯ ಮೈಸೂರು ಭಾಗದ ರೈತರು ಮಣ್ಣಿನ ತೇವ ಉಳಿಸಲು ಹಲವು ಕ್ರಮಗಳನ್ನು ಅನುಸರಿಸುತ್ತಾ ಬಂದಿದ್ದಾರೆ.

ತಿಪ್ಪೆ ಗೊಬ್ಬರ: ಸಗಣಿ, ಗಂಜಲ ನೆನೆದ ಕಸ ಮತ್ತು ಬೆಳೆಯ ಉಳಿಕೆಯನ್ನು ತಿಪ್ಪೆಯಲ್ಲಿ ಕೊಳೆಯಿಸಿ ಬಿತ್ತನೆಗೆ ಮುನ್ನ ಹೊಲಕ್ಕೆ ಹರಡುವುದು.
ಕುರಿ ಮಂದೆ: ಬೆಳೆ ಕಟಾವಾದ ಹೊಲದಲ್ಲಿ ರಾತ್ರಿ ಹೊತ್ತು ಕುರಿಗಳನ್ನು ನಿಲ್ಲಿಸಿ ಹಿಕ್ಕೆ ಮತ್ತು ಗಂಜಲವನ್ನು ನೇರವಾಗಿ ಮಣ್ಣಿಗೆ ಸೇರಿಸುವುದು.
ಕೆರೆ ಗೋಡು: ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವುದು. ಹೂಳಿನ ಜೇಡಿ ಅಂಶ ಖನಿಜವಾದ್ದರಿಂದ ಕೊಳೆಯುವುದಿಲ್ಲ. ಅದರಿಂದ ಮರಳು ಮಣ್ಣಿಗೆ ಹೆಚ್ಚು ಕಾಲ ಉಳಿಯುವ ಲಾಭವಾಗುತ್ತದೆ.
ಹಸಿರೆಲೆ ಗೊಬ್ಬರ: ಹೊಂಗೆ, ಗ್ಲಿರಿಸಿಡಿಯಾ ಸೊಪ್ಪನ್ನು ಮಣ್ಣಿಗೆ ತುಳಿಯುವುದು ಅಥವಾ ಅಪ್ಸೆಣಬನ್ನು ಬೆಳೆದು ಹೂ ಬಿಡುವ ಹೊತ್ತಿಗೆ ಉಳುವುದು.

ಈ ಪದ್ಧತಿಗಳು ಜಾನುವಾರು ಮತ್ತು ಮೇವಿನ ಲಭ್ಯತೆಯನ್ನು ಅವಲಂಬಿಸಿವೆ. ಇದೇ ಜಿಲ್ಲೆಯ ಬಂಡೀಪುರ ಅಂಚಿನ ಹಳ್ಳಿಗಳಲ್ಲಿ ಎಂ. ಡಿ. ಮಧುಸೂದನ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಹಿಂದೆ ಊರಿನ ಹೊಲಗಳಿಗೆ ಹೋಗುತ್ತಿದ್ದ ಸಗಣಿ ಗೊಬ್ಬರವು ಕಾಫಿ ತೋಟಗಳಿಗೆ ಮಾರಾಟವಾಗುವ ಸರಕಾಗಿ ಬದಲಾದುದನ್ನು ದಾಖಲಿಸಿತು. ಅರಣ್ಯದಲ್ಲಿ ಮೇದ ದನಗಳ ಮೂಲಕ ಸಂಗ್ರಹವಾದ ಸಾವಯವ ಅಂಶ ಹೀಗೆ ಜಿಲ್ಲೆಯ ಹೊರಗೆ ಸಾಗುತ್ತಿತ್ತು. ಸಗಣಿಗೆ ಹೊರಗೆ ಒಳ್ಳೆಯ ಬೆಲೆ ಇರುವಲ್ಲಿ ಒಣಹೊಲಕ್ಕೆ ಗೊಬ್ಬರ ಉಳಿಸಿಕೊಳ್ಳುವುದು ಸಣ್ಣ ರೈತರಿಗೆ ಕಷ್ಟವಾಗುತ್ತದೆ.

ಕೈಗಾರಿಕಾ ಸುಧಾರಕಗಳ ಇತಿಹಾಸ

ಕೃತಕ ಮಣ್ಣು ಸುಧಾರಕಗಳಲ್ಲಿ ಮೊದಲು ಹೆಸರಾದದ್ದು ಅಮೆರಿಕದ ಮೊನ್ಸಾಂಟೊ ಕಂಪನಿ 1951ರಲ್ಲಿ ಪ್ರಕಟಿಸಿದ ಕ್ರಿಲಿಯಂ. ಇದು ಮಣ್ಣಿನ ಕಣಗಳನ್ನು ಗುಚ್ಛವಾಗಿ ಬಂಧಿಸುವ ಪಾಲಿಮರ್ ಆಗಿತ್ತು. ದುಬಾರಿಯಾದುದರಿಂದ ಹೊಲಗಳಲ್ಲಿ ಇದರ ಬಳಕೆ ನೆಲೆಯೂರಲಿಲ್ಲ.

1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಇಲಿನಾಯ್ ರಾಜ್ಯದ ಪಿಯೋರಿಯಾ ಪ್ರಯೋಗಾಲಯವು ಮುಸುಕಿನ ಜೋಳದ ಪಿಷ್ಟಕ್ಕೆ ಕೃತಕ ಪಾಲಿಮರ್ ಸರಪಳಿಗಳನ್ನು ಕಸಿ ಮಾಡಿ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ವಸ್ತುವನ್ನು ಅಭಿವೃದ್ಧಿಪಡಿಸಿತು. ‘ಸೂಪರ್ ಸ್ಲರ್ಪರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಇದನ್ನು ಬೀಜಗಳಿಗೆ ಲೇಪಿಸಲು ಮತ್ತು ಸಸಿಗಳ ಬೇರಿಗೆ ಹಚ್ಚಲು ಬಳಸಲಾಯಿತು. ಮುಂದೆ ಸಂಪೂರ್ಣ ಕೃತಕವಾದ ಪಾಲಿಅಕ್ರಿಲೇಟ್ ಮತ್ತು ಪಾಲಿಅಕ್ರಿಲಮೈಡ್ ಜೆಲ್‌ಗಳು ಮಾರುಕಟ್ಟೆಯಲ್ಲಿ ಮೇಲುಗೈ ಪಡೆದವು. ಮಕ್ಕಳ ಡೈಪರ್‌ಗಳಲ್ಲಿ ಬಳಕೆಯಾಗುವುದೂ ಪಾಲಿಅಕ್ರಿಲೇಟ್ ವರ್ಗದ ವಸ್ತುವೇ.

ಭಾರತದಲ್ಲಿ ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಸೆಲ್ಯುಲೋಸ್ ಆಧಾರಿತ ‘ಪೂಸಾ ಹೈಡ್ರೋಜೆಲ್’ ಅನ್ನು ಅಭಿವೃದ್ಧಿಪಡಿಸಿತು. ಇದು ಅರೆಕೃತಕ ವಸ್ತು: ಇದರ ಬೆನ್ನೆಲುಬು ಸಸ್ಯಮೂಲದ ಸೆಲ್ಯುಲೋಸ್‌ನ ಉತ್ಪನ್ನ, ಅದಕ್ಕೆ ಕಸಿಯಾದ ಭಾಗ ಕೃತಕ. ತನ್ನ ಒಣ ತೂಕದ ಕನಿಷ್ಠ 350 ಪಟ್ಟು ನೀರನ್ನು ಹೀರುವ ಇದನ್ನು ಹೆಕ್ಟೇರಿಗೆ 2.5ರಿಂದ 5 ಕಿ.ಗ್ರಾಂ, ಅಂದರೆ ಎಕರೆಗೆ ಸುಮಾರು 1ರಿಂದ 2 ಕಿ.ಗ್ರಾಂ ಪ್ರಮಾಣದಲ್ಲಿ ಶಿಫಾರಸು ಮಾಡಲಾಗಿದೆ. ಉಷ್ಣ ಪ್ರದೇಶಗಳ ಮಣ್ಣಿನ ತಾಪಮಾನದಲ್ಲಿ ಚೆನ್ನಾಗಿ ಕೆಲಸ ಮಾಡುವಂತೆ ಇದನ್ನು ರೂಪಿಸಲಾಗಿದೆ.

ಸಂಪೂರ್ಣ ಸಸ್ಯಮೂಲದ ಜೆಲ್‌ಗಳ ಪ್ರಯತ್ನಕ್ಕೆ ರಾಜಸ್ಥಾನದ ನಾರಾಯಣ ಲಾಲ್ ಗುರ್ಜರ್ ಸ್ಥಾಪಿಸಿದ ಇಎಫ್ ಪಾಲಿಮರ್ ಸಂಸ್ಥೆ ಒಂದು ಉದಾಹರಣೆ. ಜಪಾನಿನ ಒಕಿನಾವಾದಲ್ಲಿ ನೆಲೆ ಹೊಂದಿರುವ ಈ ಸಂಸ್ಥೆ ಹಣ್ಣಿನ ಸಿಪ್ಪೆಗಳಂತಹ ಕೃಷಿ ತ್ಯಾಜ್ಯದಿಂದ ನೀರು ಹೀರುವ ಪುಡಿಯನ್ನು ತಯಾರಿಸುತ್ತದೆ.

ಕಾರ್ಯವಿಧಾನ

ಸಾವಯವ ಗೊಬ್ಬರಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದಾಗಿ, ಹ್ಯೂಮಸ್ ತಾನೇ ನೀರನ್ನು ಹೀರಿಕೊಳ್ಳುತ್ತದೆ. ಎರಡನೆಯದಾಗಿ, ಗೊಬ್ಬರವನ್ನು ತಿನ್ನುವ ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು ಮತ್ತು ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಗುಚ್ಛಗಳಾಗಿ ಕಟ್ಟುತ್ತವೆ. ಗುಚ್ಛಗಳ ನಡುವಿನ ಬಿರುಕುಗಳಿಂದ ಮಳೆನೀರು ಒಳಗಿಳಿಯುತ್ತದೆ. ಗುಚ್ಛಗಳ ಒಳಗಿನ ಸಣ್ಣ ರಂಧ್ರಗಳಲ್ಲಿ ಅದು ನಿಲ್ಲುತ್ತದೆ. ಮಳೆಹನಿಯ ಹೊಡೆತಕ್ಕೆ ಮೇಲ್ಮಣ್ಣು ಹೆಪ್ಪುಗಟ್ಟುವ ಕೆಂಪು ಮಣ್ಣಿನಲ್ಲಿ ನೀರು ಒಳಗಿಳಿಯುವುದೇ ಅರ್ಧ ಗೆಲುವು.

ಹೈಡ್ರೋಜೆಲ್‌ನ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಅಡ್ಡಬಂಧಗಳಿಂದ ಜೋಡಿಸಿಕೊಂಡು ಬಲೆಯಂತಿರುತ್ತವೆ. ಸರಪಳಿಗಳ ಮೇಲಿನ ವಿದ್ಯುದಾವೇಶಗಳು ನೀರನ್ನು ಒಳಗೆಳೆದು ಬಲೆಯನ್ನು ಹಿಗ್ಗಿಸುತ್ತವೆ. ಅಡ್ಡಬಂಧಗಳು ಅದು ಕರಗಿಹೋಗದಂತೆ ತಡೆಯುತ್ತವೆ. ಸುತ್ತಲ ಮಣ್ಣು ಒಣಗಿದಂತೆ ಜೆಲ್ ನೀರನ್ನು ಬಿಟ್ಟುಕೊಡುತ್ತದೆ ಮತ್ತು ಮುಂದಿನ ಮಳೆಗೆ ಮತ್ತೆ ಹಿಗ್ಗುತ್ತದೆ. ನೀರಿನಲ್ಲಿ ಲವಣಗಳಿದ್ದರೆ, ವಿಶೇಷವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇರುವ ಗಡಸು ನೀರಿನಲ್ಲಿ, ಈ ಹಿಗ್ಗುವಿಕೆ ಬಹಳ ಕಡಿಮೆಯಾಗುತ್ತದೆ. ಶುದ್ಧ ನೀರಿನಲ್ಲಿ ಅಳೆದ ಹೀರುವ ಪ್ರಮಾಣವು ಕೊಳವೆಬಾವಿಯ ನೀರು ಹರಿಯುವ ಹೊಲದಲ್ಲಿ ದೊರೆಯುವುದಿಲ್ಲ.

ವಿಘಟನೆ

ಸೆಲ್ಯುಲೋಸ್, ಪಿಷ್ಟ ಮತ್ತು ಪೆಕ್ಟಿನ್‌ಗಳನ್ನು ಒಡೆಯುವ ಕಿಣ್ವಗಳು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಲ್ಲಿ ಸಹಜವಾಗಿವೆ. ಅವು ಈ ವಸ್ತುಗಳನ್ನು ಸಕ್ಕರೆಗಳಾಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುತ್ತವೆ. ಪಾಲಿಅಕ್ರಿಲೇಟ್ ಮತ್ತು ಪಾಲಿಅಕ್ರಿಲಮೈಡ್‌ಗಳ ಬೆನ್ನೆಲುಬು ಇಂಗಾಲ–ಇಂಗಾಲ ಬಂಧಗಳಿಂದಾದುದು. ಅದನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಕತ್ತರಿಸಲಾರವು. ಅದು ವರ್ಷಗಳ ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಪಾಲಿಅಕ್ರಿಲಮೈಡ್‌ನ ಮೂಲವಸ್ತುವಾದ ಅಕ್ರಿಲಮೈಡ್ ನರಗಳಿಗೆ ಹಾನಿಕರ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಆದುದರಿಂದ ಪಾಲಿಮರ್‌ನಲ್ಲಿ ಉಳಿದಿರುವ ಅಕ್ರಿಲಮೈಡ್ ಪ್ರಮಾಣವನ್ನು ನಿಯಂತ್ರಿಸಬೇಕಾಗುತ್ತದೆ.

ಬೇಗ ಕೊಳೆಯುವ ಗುಣವು ಒಂದು ಸಮಸ್ಯೆಯನ್ನೂ ತರುತ್ತದೆ. ಬಿತ್ತನೆಯಲ್ಲಿ ಹಾಕಿದ ಜೆಲ್ ಬೆಳೆ ತೆನೆ ಕಟ್ಟುವ ಮೊದಲೇ ಕೊಳೆತರೆ ಅತ್ಯಂತ ಅಗತ್ಯದ ಸಮಯದಲ್ಲಿ ಅದು ಇರುವುದಿಲ್ಲ. ಬೆಚ್ಚಗಿನ, ತೇವವಿರುವ ಮಣ್ಣಿನಲ್ಲಿ ಕೊಳೆಯುವಿಕೆ ಚುರುಕಾಗಿರುತ್ತದೆ. ಕನಿಷ್ಠ ಒಂದು ಬೆಳೆಯ ಅವಧಿಯವರೆಗೆ ಉಳಿದು, ನಂತರ ಶೇಷವಿಲ್ಲದೆ ಒಡೆಯುವಂತೆ ಅಡ್ಡಬಂಧಗಳ ಸಂಖ್ಯೆಯನ್ನು ಹೊಂದಿಸುವುದು ಈ ಕ್ಷೇತ್ರದ ಸಂಶೋಧನೆಯ ಮುಖ್ಯ ಸವಾಲಾಗಿದೆ.

ಎಷ್ಟು ನೀರು ಉಳಿಯುತ್ತದೆ

ಜಾಹೀರಾತುಗಳಲ್ಲಿ ಕಾಣುವ ‘350 ಪಟ್ಟು’, ‘500 ಪಟ್ಟು’ ಎಂಬ ಅಂಕಿಗಳನ್ನು ಹೊಲದ ಅಳತೆಗೆ ಇಳಿಸಿ ನೋಡುವುದು ಅಗತ್ಯ. ಒಂದು ಎಕರೆಯ ಮೇಲೆ ಬೀಳುವ 1 ಮಿ.ಮೀ. ಮಳೆ ಸುಮಾರು 4,000 ಲೀಟರ್ ನೀರಿಗೆ ಸಮ. ಎಕರೆಗೆ 2 ಕಿ.ಗ್ರಾಂ ಜೆಲ್ ಹಾಕಿದರೆ, 350 ಪಟ್ಟಿನ ಲೆಕ್ಕದಲ್ಲಿ ಅದು ಒಮ್ಮೆಗೆ ಹಿಡಿಯುವುದು 700 ಲೀಟರ್, ಅಂದರೆ 0.2 ಮಿ.ಮೀ.ಗಿಂತಲೂ ಕಡಿಮೆ ಮಳೆ. ಬೆಳೆದು ನಿಂತ ಬೆಳೆಯಿರುವ ಹೊಲದಿಂದ ಬಿಸಿಲಿನ ಒಂದು ದಿನದಲ್ಲಿ ಹಲವು ಮಿ.ಮೀ. ನೀರು ಆವಿಯಾಗುತ್ತದೆ. ಆದುದರಿಂದ ಜೆಲ್ ಇಡೀ ಹೊಲಕ್ಕೆ ನೀರಿನ ಉಗ್ರಾಣವಾಗಲಾರದು. ಅದರ ಪ್ರಯೋಜನವಿರುವುದು ಬೀಜ ಅಥವಾ ಎಳೆಯ ಬೇರಿನ ಪಕ್ಕದಲ್ಲಿ ಅಲ್ಪ ತೇವವನ್ನು ಮತ್ತೆ ಮತ್ತೆ ತುಂಬಿಕೊಂಡು ಕೊಡುವುದರಲ್ಲಿ.

ಸಾವಯವ ಅಂಶದ ಲೆಕ್ಕವೂ ಹೀಗೆಯೇ ಇದೆ. ಆಸ್ಟ್ರೇಲಿಯಾದ ಮಣ್ಣು ವಿಜ್ಞಾನಿಗಳಾದ ಬುಡಿಮಾನ್ ಮಿನಾಸ್ನಿ ಮತ್ತು ಅಲೆಕ್ಸ್ ಮೆಕ್‌ಬ್ರಾಟ್ನಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಣ್ಣಿನ ತೂಕದ ಶೇ. 1ರಷ್ಟು ಸಾವಯವ ಇಂಗಾಲ ಹೆಚ್ಚಿದರೆ ಪ್ರತಿ 100 ಮಿ.ಮೀ. ಆಳದ ಮಣ್ಣಿನಲ್ಲಿ ಬೆಳೆಗೆ ದೊರೆಯುವ ನೀರು ಸರಾಸರಿ 1.16 ಮಿ.ಮೀ. ಹೆಚ್ಚುತ್ತದೆ. ಮರಳು ಮಣ್ಣಿನಲ್ಲಿ ಈ ಲಾಭ ಹೆಚ್ಚು, ಜೇಡಿಯಲ್ಲಿ ಕಡಿಮೆ. ಸರಾಸರಿಯನ್ನೇ ತೆಗೆದುಕೊಂಡರೆ 30 ಸೆಂ.ಮೀ. ಆಳಕ್ಕೆ ಸುಮಾರು 3.5 ಮಿ.ಮೀ., ಅಂದರೆ ಎಕರೆಗೆ ಸುಮಾರು 14,000 ಲೀಟರ್ ನೀರು. ಇದು ಜೆಲ್‌ಗೆ ಹೋಲಿಸಿದರೆ ಬಹಳ ಹೆಚ್ಚು. ಆದರೆ ಅಷ್ಟು ಆಳಕ್ಕೆ ಶೇ. 1ರಷ್ಟು ಇಂಗಾಲವನ್ನು ಏರಿಸಲು ಎಕರೆಗೆ ಸುಮಾರು 17 ಟನ್ ಇಂಗಾಲ ಮಣ್ಣಿನಲ್ಲಿ ನಿಲ್ಲಬೇಕು. ಹಾಕಿದ ಗೊಬ್ಬರದ ಬಹುಪಾಲು ಕೊಳೆತುಹೋಗುವ ಉಷ್ಣ ಪ್ರದೇಶದಲ್ಲಿ ಇದು ದಶಕಗಳ ಕೆಲಸ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಒಣಬೇಸಾಯ ಯೋಜನೆಯಡಿ 1978ರಿಂದ ಕೆಂಪು ಮಣ್ಣಿನಲ್ಲಿ ನಡೆದ ದೀರ್ಘಕಾಲದ ಪ್ರಯೋಗ ಈ ಅಂಶವನ್ನು ಸ್ಪಷ್ಟಪಡಿಸುತ್ತದೆ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನು ರಸಗೊಬ್ಬರದೊಂದಿಗೆ ಕೊಟ್ಟ ತಾಕುಗಳಲ್ಲಿ ರಾಗಿಯ ಇಳುವರಿ ಮತ್ತು ಮಣ್ಣಿನ ಇಂಗಾಲ, ರಸಗೊಬ್ಬರ ಮಾತ್ರ ಕೊಟ್ಟ ತಾಕುಗಳಿಗಿಂತ ಉತ್ತಮವಾಗಿದ್ದವು.

ಸ್ಥಳೀಯ ಕಚ್ಚಾವಸ್ತುಗಳು

ಸುಧಾರಕದ ಸಾಗಣೆ ವೆಚ್ಚ ಹೆಚ್ಚಾದಷ್ಟೂ ಒಣಬೇಸಾಯದ ರೈತರಿಗೆ ಅದು ದೂರವಾಗುತ್ತದೆ. ಈ ಕಾರಣದಿಂದ ಹತ್ತಿರದಲ್ಲೇ ದೊರೆಯುವ ಸಾವಯವ ವಸ್ತುಗಳಿಗೆ ಪ್ರಾಮುಖ್ಯವಿದೆ.

ಲಂಟಾನ: ಅಮೆರಿಕ ಖಂಡದಿಂದ ಬಂದ ಈ ಪೊದೆ ಮಲೆ ಮಹದೇಶ್ವರ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನು ದಟ್ಟವಾಗಿ ಆವರಿಸಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಮಹದೇಶ್ವರ ಬೆಟ್ಟ ಪ್ರದೇಶದ ಸೋಲಿಗ ಮೊದಲಾದ ಸಮುದಾಯದವರು ಇದರ ಕಡ್ಡಿಗಳಿಂದ ಪೀಠೋಪಕರಣ ಮತ್ತು ಕರಕುಶಲ ವಸ್ತುಗಳನ್ನು ತಯಾರಿಸುತ್ತಾರೆ. ಲಂಟಾನ ಸೊಪ್ಪಿನಲ್ಲಿ ಜಾನುವಾರುಗಳಿಗೆ ವಿಷವಾಗುವ ಮತ್ತು ಇತರ ಗಿಡಗಳ ಬೆಳವಣಿಗೆ ಕುಂಠಿಸುವ ರಾಸಾಯನಿಕಗಳಿವೆ. ಪಾಂಡಿಚೇರಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರೆಹುಳುಗಳ ಮೂಲಕ ಗೊಬ್ಬರವಾದಾಗ ಈ ಹಾನಿಕರ ಗುಣ ಇಲ್ಲವಾಗುವುದನ್ನು ತೋರಿಸಿದರು. ಬೀಜ ಹೊಲಕ್ಕೆ ಹರಡದಂತೆ ಕಾಯಿ ಕಟ್ಟುವ ಮೊದಲೇ ಕತ್ತರಿಸುವುದು ಮತ್ತು ವನ್ಯಜೀವಿ ಧಾಮದೊಳಗಿನ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯುವುದು ಅಗತ್ಯ.

ರೇಷ್ಮೆ ತ್ಯಾಜ್ಯ: ಕೊಳ್ಳೇಗಾಲವು ರೇಷ್ಮೆ ಸೀರೆಗೆ ಹೆಸರಾದ ಪಟ್ಟಣ, ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೇಸಾಯವಿದೆ. ಹುಳು ತಿಂದು ಉಳಿದ ಸೊಪ್ಪು, ಕಡ್ಡಿ ಮತ್ತು ಹುಳುವಿನ ಹಿಕ್ಕೆ ಒಳ್ಳೆಯ ಕಾಂಪೋಸ್ಟ್ ಆಗುತ್ತವೆ. ಕಚ್ಚಾ ರೇಷ್ಮೆಯ ತೂಕದ ಶೇ. 20ರಿಂದ 30ರಷ್ಟಿರುವ ಸೆರಿಸಿನ್ ಎಂಬ ಅಂಟು ಪ್ರೋಟೀನ್ ನೂಲನ್ನು ಬೇಯಿಸಿ ತೊಳೆಯುವಾಗ ನೀರಿನಲ್ಲಿ ಹರಿದುಹೋಗುತ್ತದೆ. ನೀರನ್ನು ಹಿಡಿಯುವ ಗುಣವಿರುವುದರಿಂದ ಜೆಲ್ ತಯಾರಿಕೆಗೆ ಇದನ್ನು ಬಳಸುವ ಬಗ್ಗೆ ಸಂಶೋಧನೆಗಳು ನಡೆದಿವೆ.

ಪ್ರೆಸ್‌ಮಡ್: ಕಬ್ಬಿನ ಹಾಲನ್ನು ಶುದ್ಧೀಕರಿಸುವಾಗ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಮಡ್ಡಿ. ಇದನ್ನು ಕೊಳೆಯಿಸಿ ಹೊಲಕ್ಕೆ ಹಾಕಲಾಗುತ್ತದೆ.

ತೆಂಗಿನ ನಾರಿನ ಪುಡಿ: ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಲಿಗ್ನಿನ್ ಹೆಚ್ಚಿರುವುದರಿಂದ ನಿಧಾನವಾಗಿ ಕೊಳೆಯುತ್ತದೆ. ಹಸಿಯಾಗಿ ಬಳಸಿದರೆ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳು ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದನ್ನು ಹುದುಗಿಸಿ ಸಸಿ ಬೆಳೆಸುವ ಮಾಧ್ಯಮವಾಗಿಸುವ ‘ಅರ್ಕಾ’ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ.

ಬಯೋಚಾರ್ ಅಥವಾ ಜೈವಿಕ ಇದ್ದಿಲು ಸಹ ಇಂತಹ ಕಸಕಡ್ಡಿಗಳಿಂದಲೇ ತಯಾರಾಗುತ್ತದೆ. ಆದರೆ ಅದು ನೂರಾರು ವರ್ಷ ಮಣ್ಣಿನಲ್ಲಿ ಉಳಿಯುವುದರಿಂದ ಜೈವಿಕ ವಿಘಟನೀಯ ಎಂಬ ವಿಂಗಡಣೆಯೊಳಗೆ ಪೂರ್ಣವಾಗಿ ಬರುವುದಿಲ್ಲ.

ಬಳಕೆಯ ಕ್ರಮ

ಹೈಡ್ರೋಜೆಲ್ ಅನ್ನು ಒಣ ಮಣ್ಣು ಅಥವಾ ಮರಳಿನೊಂದಿಗೆ ಬೆರೆಸಿ ಬಿತ್ತನೆಯ ಸಾಲಿನಲ್ಲಿ ಬೀಜದ ಬಳಿಗೆ ಬೀಳುವಂತೆ ಹಾಕಲಾಗುತ್ತದೆ. ಮೇಲ್ಮಣ್ಣಿನ ಮೇಲೆ ಎರಚಿದರೆ ಬಿಸಿಲಿಗೆ ಒಣಗಿ ವ್ಯರ್ಥವಾಗುತ್ತದೆ. ನಾಟಿ ಮಾಡುವ ತೋಟಗಾರಿಕೆ ಹಾಗೂ ಅರಣ್ಯ ಸಸಿಗಳ ಗುಂಡಿಗೆ ಹಾಕುವುದು ಅಥವಾ ಬೇರನ್ನು ಜೆಲ್‌ನಲ್ಲಿ ಅದ್ದಿ ನೆಡುವುದು ಇನ್ನೊಂದು ಕ್ರಮ. ಕೊಟ್ಟಿಗೆ ಗೊಬ್ಬರ ಮತ್ತು ಕಾಂಪೋಸ್ಟನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲು ಹರಡಿ ಮಣ್ಣಿಗೆ ಸೇರಿಸಬೇಕು.

ಯಾವ ಸುಧಾರಕವೂ ನೀರನ್ನು ಸೃಷ್ಟಿಸುವುದಿಲ್ಲ. ಹೊಲದೊಳಗೆ ಇಂಗಿದ ನೀರನ್ನು ಮಾತ್ರ ಅದು ಉಳಿಸಬಲ್ಲದು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದು, ಅಡ್ಡ ಉಳುಮೆ, ಸಾಲುಗಳ ನಡುವೆ ನೀರು ನಿಲ್ಲುವ ಬೋದುಗಳು, ರಾಗಿಯೊಂದಿಗೆ ಅವರೆ ಅಥವಾ ತೊಗರಿಯ ಅಕ್ಕಡಿ ಸಾಲು ಮತ್ತು ಬೆಳೆಯ ಉಳಿಕೆಯ ಹೊದಿಕೆ ಇವುಗಳ ಜೊತೆ ಬಳಸಿದಾಗಲೇ ಸುಧಾರಕಗಳ ಫಲ ಕಾಣುತ್ತದೆ. ಮಣ್ಣು ಪರೀಕ್ಷೆ ಮತ್ತು ಪ್ರಮಾಣಗಳ ಬಗ್ಗೆ ಚಾಮರಾಜನಗರ ಜಿಲ್ಲೆಯ ರೈತರು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳನ್ನು ಸಂಪರ್ಕಿಸಬಹುದು.

ಮಿತಿಗಳು

ಜೆಲ್‌ನ ಬೆಲೆ ರಾಗಿ, ಹುರುಳಿಯಂತಹ ಕಡಿಮೆ ಆದಾಯದ ಬೆಳೆಗಳಿಗೆ ಹೊರೆಯಾಗಬಹುದು. ತರಕಾರಿ, ಹೂವು ಮತ್ತು ಹಣ್ಣಿನ ಸಸಿಗಳಲ್ಲಿ ವೆಚ್ಚ ಮರಳುವ ಸಾಧ್ಯತೆ ಹೆಚ್ಚು. ಮಳೆ ಸಮನಾಗಿ ಹಂಚಿಕೆಯಾದ ವರ್ಷದಲ್ಲಿ ಇಳುವರಿಯ ವ್ಯತ್ಯಾಸ ಕಾಣದಿರಬಹುದು. ಮಳೆಯೇ ಬಾರದ ವರ್ಷದಲ್ಲಿ ತುಂಬಿಕೊಳ್ಳಲು ನೀರೇ ಇರುವುದಿಲ್ಲ. ಸರಿಯಾಗಿ ಕೊಳೆಯದ ಗೊಬ್ಬರ ಕಳೆ ಬೀಜ ಮತ್ತು ಗೊಣ್ಣೆಹುಳುಗಳನ್ನು ಹೊಲಕ್ಕೆ ತರುತ್ತದೆ. ನಗರದ ಕಸದಿಂದ ತಯಾರಾದ ಕಾಂಪೋಸ್ಟಿನಲ್ಲಿ ಪ್ಲಾಸ್ಟಿಕ್ ಚೂರು ಮತ್ತು ಭಾರಲೋಹಗಳಿರುವ ಅಪಾಯವಿದೆ.

ಮಾನದಂಡಗಳು

ಒಂದು ಪದಾರ್ಥ ಮಣ್ಣಿನಲ್ಲಿ ಎಷ್ಟರಮಟ್ಟಿಗೆ ಕೊಳೆಯುತ್ತದೆ ಎಂಬುದನ್ನು ಅದರಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಅಥವಾ ಬಳಕೆಯಾಗುವ ಆಮ್ಲಜನಕದ ಪ್ರಮಾಣದಿಂದ ಅಳೆಯಲಾಗುತ್ತದೆ. ಇದಕ್ಕೆ ಐಎಸ್‌ಒ 17556 ಎಂಬ ಅಂತರರಾಷ್ಟ್ರೀಯ ವಿಧಾನವಿದೆ. ಪದಾರ್ಥ ಕಣ್ಣಿಗೆ ಕಾಣದಂತೆ ಪುಡಿಯಾಗುವುದು ವಿಘಟನೆಯಲ್ಲ. ಹಾಗೆ ಪುಡಿಯಾದ ಕೃತಕ ಪಾಲಿಮರ್ ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಮಣ್ಣಿನಲ್ಲೇ ಉಳಿಯಬಹುದು. ಯುರೋಪಿಯನ್ ಒಕ್ಕೂಟದ 2019ರ ಗೊಬ್ಬರ ಉತ್ಪನ್ನಗಳ ನಿಯಮವು ನೀರು ಹಿಡಿದಿಡಲು ಬಳಸುವ ಪಾಲಿಮರ್‌ಗಳಿಗೂ ವಿಘಟನೆಯ ಮಾನದಂಡವನ್ನು ವಿಧಿಸುವ ಅವಕಾಶ ಕಲ್ಪಿಸಿತು. ಭಾರತದಲ್ಲಿ ಸಿಟಿ ಕಾಂಪೋಸ್ಟ್ ಮತ್ತು ಎರೆಗೊಬ್ಬರಗಳ ಗುಣಮಟ್ಟವನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ನಿಗದಿಪಡಿಸಲಾಗಿದೆ.

ಇವನ್ನೂ ನೋಡಿ

ಎರೆಗೊಬ್ಬರ
ಒಣಬೇಸಾಯ
ಮಣ್ಣಿನ ಸವಕಳಿ
ಮಲೆ ಮಹದೇಶ್ವರ ಬೆಟ್ಟ
ರಾಗಿ
ಹಿಪ್ಪುನೇರಳೆ